ಮೊದಲ ನೀರು

ನಿನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಚುಕ್ಕಿ ಎಣಿಸುವುದು ಎಂದು ಹೇಳಿ ಬಾಯಿ ಮುಚ್ಚಿಸುತ್ತೇನೆ. ಸುಳ್ಳೇನಲ್ಲ. ಔಷಧಿ ಯಾವುದೇ ಇರಲಿ, ಅಂಗಡಿಗೆ ಹೋಗುವ ಮುನ್ನ ನಮ್ಮ ಲ್ಯಾಬಿಗೆ ಬರುತ್ತದೆ. ಅದನ್ನು ಇಲಿಗಳಿಗೆ ಕುಡಿಸುತ್ತಾರೆ. ಆಮೇಲೆ ಅವುಗಳ ತೊಡೆಮೂಳೆಯ ಮಜ್ಜೆಯನ್ನು ತೆಗೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನನ್ನ ಮುಂದೆ ತಂದಿಡುತ್ತಾರೆ. ಎಳೆಯ ರಕ್ತಕಣ ಬೆಳೆಯುವಾಗ ತನ್ನೊಳಗಿನ ತಿರುಳನ್ನು ಹೊರಗೆ ನೂಕಿಬಿಡುತ್ತದೆ. ಆ ತಿರುಳಿನ ವರ್ಣತಂತು ಎಲ್ಲಾದರೂ ಮುರಿದಿದ್ದರೆ ಚೂರು ಮಾತ್ರ ಹೊರಗೆ ಹೋಗದೆ ಒಳಗೇ ಉಳಿದು ನೀಲಿ ಚುಕ್ಕಿಯಾಗಿ ಕಾಣುತ್ತದೆ. ಚುಕ್ಕಿ ಹೆಚ್ಚಾದರೆ ಔಷಧಿಯ ಮೇಲೆ ಅನುಮಾನ; ಕುಡಿದವರನ್ನಷ್ಟೇ ಅಲ್ಲ, ಅವರಿಗೆ ಹುಟ್ಟುವವರನ್ನೂ ಬುಡದಲ್ಲೇ ಕೆಡಿಸಬಹುದು ಎಂದು ಅರ್ಥ. ಅಷ್ಟೇ ವಿದ್ಯೆ. ಇಷ್ಟಕ್ಕಾಗಿ ವರ್ಷಗಟ್ಟಲೆ ಓದಿ ಕಣ್ಣು ಹಾಳುಮಾಡಿಕೊಂಡಿದ್ದೇನೆ.

ಯಾವ ಗಾಜು ಯಾವ ಇಲಿಯದು ಎಂದು ಎಣಿಸುವವಳಿಗೆ ತಿಳಿಯಬಾರದು. ಗಾಜಿನ ತುದಿಯಲ್ಲಿರುವ ಗುರುತು ಮುಚ್ಚುವಂತೆ ಬೇರೆಯವರು ಕಾಗದದ ಪಟ್ಟಿ ಅಂಟಿಸಿ, ಮನಸ್ಸಿಗೆ ತೋಚಿದ ಸಂಖ್ಯೆ ಬರೆದು ಕೊಡುತ್ತಾರೆ. ತಿಳಿದಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ ಎಂದು ನಮ್ಮ ಮುಖ್ಯಸ್ಥರ ನಂಬಿಕೆ. ಅವರ ಪ್ರತಿ ಮಾತೂ 'ಆದರೂ' ಎಂದೇ ಶುರುವಾಗುವುದರಿಂದ ಲ್ಯಾಬಿನಲ್ಲಿ ಅವರಿಗೆ ಆದರೂ ಸಾರ್ ಎಂದೇ ಹೆಸರು. ಬೆಳಿಗ್ಗೆ ನಮಸ್ಕಾರ ಎಂದರೂ 'ಆದರೂ ನಮಸ್ಕಾರ' ಎನ್ನುವ ಪೈಕಿ.

ಹೀಗಿರುವಾಗ ಒಂದು ದಿನ ನಮ್ಮ ಮನೆಯ ಬೇರೇ ಲ್ಯಾಬಿಗೆ ಬಂತು.

ಅಮ್ಮ ತೀರಿಕೊಂಡ ಮೇಲೆ ನನ್ನನ್ನೂ ತಂಗಿಯನ್ನೂ ಸಾಕಿದ್ದು ದೊಡ್ಡಮ್ಮ, ಅಮ್ಮನ ಅಕ್ಕ. ಬಸುರಿ ಹೆಂಗಸರಿಗೆ ಬೇರಿನ ಮದ್ದು ಕೊಡುವುದೇ ಆಕೆಯ ಕಸುಬು. ಹೊಟ್ಟೆಯಲ್ಲಿ ನಿಲ್ಲದ ಕೂಸನ್ನು ನಿಲ್ಲಿಸುತ್ತದೆ ಎಂದು ಅದಕ್ಕೆ ನಿಲ್ಲಿಸುವ ಬೇರು ಎಂದೇ ಹೆಸರು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ನಮ್ಮ ಮನೆಯಲ್ಲಿ ತಲೆಕೆಳಗು: ಹಿತ್ತಲಲ್ಲಿ ಇಲ್ಲದ್ದು ಯಾವುದೂ ಮದ್ದಲ್ಲ. ನನಗೆ ಜ್ವರ ಬಂದು ಮಾತ್ರೆ ನುಂಗಿದರೆ ದೊಡ್ಡಮ್ಮ ಎರಡು ದಿನ ಮಾತು ಬಿಡುತ್ತಿದ್ದಳು. ಒಂದು ಕಂಪನಿಯವರು ಬಂದು ಈ ಬೇರನ್ನು ಮಾತ್ರೆ ಮಾಡಿ ಮಾರುತ್ತೇವೆ ಎಂದು ಚೀಲ ತುಂಬ ಕೊಂಡುಹೋದಾಗ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾರುವ ಮುನ್ನ ಪರೀಕ್ಷೆ ಆಗಬೇಕಲ್ಲ. ಬೇರು ನಮ್ಮಲ್ಲಿಗೇ ಬಂತು.

"ಇದು ನಮ್ಮ ದೊಡ್ಡಮ್ಮನ ಬೇರು ಸಾರ್, ನಾನು ಎಣಿಸೋದು ಸರಿ ಅಲ್ಲ," ಎಂದೆ.

"ಆದರೂ, ಯಾವ ಗಾಜು ಯಾವುದು ಅಂತ ನಿಮಗೆ ಗೊತ್ತಾಗೋದೇ ಇಲ್ವಲ್ಲ," ಎಂದರು.

ಗೊತ್ತಾಗಲಿಲ್ಲ, ನಿಜ. ಆದರೆ ಎಣಿಸುತ್ತಾ ಹೋದಂತೆ ಕೆಲವು ಗಾಜುಗಳಲ್ಲಿ ಚುಕ್ಕಿಗಳು ಅಕ್ಕಿಯಲ್ಲಿ ಕಲ್ಲು ಸಿಕ್ಕಂತೆ ಸಿಗತೊಡಗಿದವು. ಅಂಥ ಒಂದೊಂದು ಗಾಜನ್ನೂ ಎರಡೆರಡು ಸಲ ಎಣಿಸಿದೆ. ಯಾಕೆಂದರೆ ತಂಗಿ ಬಸುರಿ. ಹಿಂದೆ ಮೂರು ಸಲ ನಿಂತು, ಮೂರು ಸಲವೂ ಮೂರು ತಿಂಗಳು ತುಂಬುವುದರೊಳಗೆ ಜಾರಿಹೋಗಿತ್ತು. ಇದು ನಾಲ್ಕನೆಯದು, ಮತ್ತು ದಿನವೂ ಬೆಳಿಗ್ಗೆ ಅವಳು ಅದೇ ಬೇರಿನ ಕಷಾಯ ಕುಡಿಯುತ್ತಿದ್ದಳು. ಪಟ್ಟಿ ಕಿತ್ತು ನೋಡಿದಾಗ, ಬರೀ ನೀರು ಕುಡಿದ ಇಲಿಗಳು ಚೆನ್ನಾಗಿದ್ದವು. ಚುಕ್ಕಿಗಳೆಲ್ಲ ಬೇರಿನ ಪುಡಿ ತಿಂದವುಗಳಲ್ಲಿ.

ಆ ಸಂಜೆ ನನ್ನ ಬಾಡಿಗೆ ಕೋಣೆಗೆ ಹೋಗದೆ ನೇರ ತಂಗಿಯ ಮನೆಗೆ ಹೋದೆ. ದೊಡ್ಡಮ್ಮ ಇರುವುದೂ ಅಲ್ಲೇ. ತಂಗಿ ಕಾಲ ಕೆಳಗೆ ಎರಡು ದಿಂಬು ಇಟ್ಟುಕೊಂಡು ಮಲಗಿದ್ದಳು. ಅವಳ ಗಂಡ, ಬಸ್ ಡ್ರೈವರ್, ಅವಳ ಪಕ್ಕದಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದ. ಅಷ್ಟು ದೊಡ್ಡ ಬಸ್ಸು ಓಡಿಸುವವನು ಹೆಂಡತಿಯ ಮಂಚದ ಹತ್ತಿರ ಬೆಕ್ಕಿನಂತೆ ನಡೆಯುತ್ತಿದ್ದ. ನಾನು ವಿಷಯ ಹೇಳಿದೆ. ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಪುಡಿ ಮಾಡಿ ಹಾಗೇ ತಿನ್ನಿಸಿದ್ರಾ? ಅಯ್ಯೋ ಪಾಪ, ಆ ಇಲಿಗಳು ನಿಮಗೇನೇ ಮಾಡಿದ್ವು? ಬೇರಿಗೆ ಕೋಪ ಇರುತ್ತೆ ಕಣೇ. ಕುದಿಸಬೇಕು. ಮೊದಲ ನೀರಲ್ಲಿ ಕೋಪ ಎಲ್ಲ ಇಳಿಯುತ್ತೆ. ಅದನ್ನ ಚೆಲ್ಲಿ, ಇನ್ನೊಂದು ನೀರು ಹಾಕಿ ಕುದಿಸಿ ಕೊಡಬೇಕು. ನಮ್ಮತ್ತೆ ನನಗೆ ಕಲಿಸಿದ್ದೇ ಹಾಗೆ. ಇಷ್ಟೆಲ್ಲ ಓದಿದ್ದೀಯ, ಒಂದು ಮಾತು ನನ್ನ ಕೇಳಬಾರದಿತ್ತಾ?"

ಕೇಳಬೇಕಿತ್ತು. ನಾಚಿಕೆಯಾಯಿತು, ಜೊತೆಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗೂ ಆಯಿತು. ಮರುದಿನವೇ ಆದರೂ ಸಾರ್ ಅವರ ಬೆನ್ನು ಬಿದ್ದೆ. ಜನ ಪುಡಿ ತಿನ್ನುವುದಿಲ್ಲ, ಕಷಾಯ ಕುಡಿಯುತ್ತಾರೆ, ಕಷಾಯವನ್ನೇ ಪರೀಕ್ಷಿಸೋಣ ಎಂದೆ. ಕಂಪನಿಯವರಿಗೂ ಬೇಕಾಗಿದ್ದದ್ದು ಅದೇ. ದೊಡ್ಡಮ್ಮನನ್ನೇ ಲ್ಯಾಬಿಗೆ ಕರೆಸಿದೆವು.

ಅವಳು ಪೆಟ್ಟಿಗೆಯಲ್ಲಿಟ್ಟಿದ್ದ ಒಳ್ಳೆಯ ಬಟ್ಟೆ ಉಟ್ಟು ಬಂದಳು. ಬಾಗಿಲಲ್ಲೇ ಬಿಳಿ ಕೋಟು ತೊಡಿಸಿದರು. ಅದು ಅವಳ ಹಿಮ್ಮಡಿ ಮುಟ್ಟುತ್ತಿತ್ತು. "ಇದನ್ನ ಹಾಕ್ಕೊಂಡ್ರೆ ಡಾಕ್ಟ್ರಾಗ್ತಾರಾ? ಇಷ್ಟು ಸುಲಭ ಅಂತ ಗೊತ್ತಿದ್ರೆ ಯಾವಾಗಲೋ ಒಂದು ಹೊಲಿಸಿಕೊಳ್ತಿದ್ದೆ," ಎಂದಳು. ಇಲಿ ನೋಡಿಕೊಳ್ಳುವವನು ನಕ್ಕು ನಕ್ಕು ಕಣ್ಣೊರೆಸಿಕೊಂಡ. ನಾವು ಕೊಟ್ಟ ಗಾಜಿನ ಪಾತ್ರೆಯನ್ನು ಬೆರಳಿಂದ ತಟ್ಟಿ ನೋಡಿ, ಮೂಗು ಮುರಿದು, ಕೊನೆಗೆ ಅದರಲ್ಲೇ ಬೇರು ಹಾಕಿ ಕುದಿಸಿದಳು. ನೀರು ಕಡುಗೆಂಪಾಯಿತು. ಅದನ್ನು ಸಿಂಕಿಗೆ ಬಗ್ಗಿಸುವಾಗ ಮಾತ್ರ ಒಂದು ಗಳಿಗೆ ಕೈ ತಡೆದು, "ಸಾರ ಎಲ್ಲ ಮೋರಿಗೆ," ಎಂದಳು. ನಾನು ಅದಕ್ಕೆ ಕಿವಿ ಕೊಡಲಿಲ್ಲ. ಎರಡನೆಯ ನೀರು ತೆಳ್ಳಗೆ, ಜೇನಿನ ಬಣ್ಣಕ್ಕೆ ಬಂತು. ಅದನ್ನು ಸೋಸಿ ಕೊಟ್ಟಳು.

ಮತ್ತೆ ಇಲಿಗಳು, ಮತ್ತೆ ಗಾಜು, ಮತ್ತೆ ಪಟ್ಟಿ. ಈ ಸಲ ಎಣಿಸುವಾಗ ನನ್ನ ಬಾಯಿ ತಾನಾಗಿ ಏನೋ ಬೇಡಿಕೊಳ್ಳುತ್ತಿತ್ತು. ಪಟ್ಟಿ ಕಿತ್ತರೆ, ಕಷಾಯ ಕುಡಿದ ಇಲಿಗೂ ನೀರು ಕುಡಿದ ಇಲಿಗೂ ಏನೂ ವ್ಯತ್ಯಾಸವಿರಲಿಲ್ಲ. ಆದರೂ ಸಾರ್ ಕೂಡ ಅಂದು 'ಆದರೂ' ಎನ್ನಲಿಲ್ಲ. ಬರೀ "ಒಳ್ಳೇದಾಯ್ತು," ಎಂದರು.

ಸುದ್ದಿ ಹೇಳಿದಾಗ ತಂಗಿ ನಕ್ಕದ್ದನ್ನು ನಾನು ಮರೆಯಲಾರೆ. ಆಗ ನಾಲ್ಕು ತಿಂಗಳು ದಾಟಿತ್ತು. ಹಿಂದೆಂದೂ ಅಷ್ಟು ದೂರ ಬಂದಿರಲಿಲ್ಲ. ಎಷ್ಟು ಕಾಟ ಕೊಟ್ಟರೂ ಜಾಗ ಬಿಡುತ್ತಿಲ್ಲವೆಂದು ಹೊಟ್ಟೆಯಲ್ಲಿದ್ದದ್ದಕ್ಕೆ ಹಟಮಾರಿ ಎಂದು ಹೆಸರಿಟ್ಟಿದ್ದಳು. "ಕೇಳಿಸ್ತಾ ಹಟಮಾರಿ? ನಿನ್ನ ದೊಡ್ಡಮ್ಮ ಇಲಿಗಳ ಹತ್ರ ಸಾಕ್ಷಿ ಹೇಳಿಸಿ ಬಂದಿದ್ದಾಳೆ," ಎಂದು ಹೊಟ್ಟೆ ಸವರಿಕೊಂಡಳು. ನನ್ನನ್ನು ಯಾರಾದರೂ ದೊಡ್ಡಮ್ಮ ಎಂದು ಕರೆದದ್ದು ಅದೇ ಮೊದಲು. ಬಸ್ ಡ್ರೈವರ್ ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆಗಳ ಸದ್ದು ಮಾಡಿದ. ಅವನು ಅಳುವ ರೀತಿ ಅದು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಯಾರಿಗೂ ಹೇಳುತ್ತಿರಲಿಲ್ಲ.

ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ತಂಗಿಯ ಮನೆಯಲ್ಲಿದ್ದೆ. ಅಡುಗೆಮನೆಯಲ್ಲಿ ನನ್ನ ಪಾಡಿಗೆ ಕಾಫಿ ಕಾಸಿಕೊಳ್ಳುತ್ತಿದ್ದೆ. ಪಕ್ಕದ ಒಲೆಯಲ್ಲಿ ದೊಡ್ಡಮ್ಮನ ಪಾತ್ರೆ ಕುದಿಯುತ್ತಿತ್ತು. ನೀರು ಕಡುಗೆಂಪಾಯಿತು. ಬಗ್ಗಿಸಿಕೊಳ್ಳಲಿ ಎಂದು ಸಿಂಕಿನಿಂದ ಪಕ್ಕಕ್ಕೆ ಸರಿದು ನಿಂತೆ. ದೊಡ್ಡಮ್ಮ ಲೋಟದ ಬಾಯಿಗೆ ಬಟ್ಟೆ ಕಟ್ಟಿ ಆ ಕೆಂಪು ನೀರನ್ನೇ ಸೋಸಿದಳು.

"ದೊಡ್ಡಮ್ಮ, ಅದು ಮೊದಲ ನೀರಲ್ವಾ?"

"ಹೌದು."

"ಚೆಲ್ಲಬೇಕು ಅಂದಿದ್ದೆ?"

"ಚೆಲ್ಲೋದು ಹೊರಗಿನವರಿಗೆ ಕಣೇ," ಎಂದಳು, ಮಗುವಿಗೆ ಬುದ್ಧಿ ಹೇಳುವ ಹಾಗೆ. "ಅವರಿಗೆ ತಡ್ಕೊಳ್ಳೋಕೆ ಆಗಲ್ಲ, ವಾಂತಿ ಆದ್ರೆ ಬಾಗಿಲಿಗೆ ಬಂದು ಜಗಳ ಆಡ್ತಾರೆ. ಮನೆ ಮಗಳಿಗೆ ಸಾರ ಎಲ್ಲ ಚೆಲ್ಲಿ ಸಪ್ಪೆ ನೀರು ಕೊಡ್ಲಾ? ನಾನೇನು ಮಲತಾಯಿನಾ?"

ನನ್ನ ಕಾಫಿ ಉಕ್ಕಿ ಒಲೆ ಆರಿತು. ಅದನ್ನು ನೋಡಿಕೊಳ್ಳಲೂ ಆಗಲಿಲ್ಲ. ಲ್ಯಾಬಿಗೆ ಬಂದದ್ದೆಲ್ಲ ಪರೀಕ್ಷೆಯಾಗಿತ್ತು. ತಂಗಿ ಕುಡಿಯುವ ಲೋಟವನ್ನು ಮಾತ್ರ ಯಾರೂ ನೋಡಿರಲಿಲ್ಲ. ಇಲಿಗಳಿಗೂ ಹೊರಗಿನವರಿಗೂ ಎರಡನೆಯ ನೀರು. ಕಣ್ಣಲ್ಲಿ ಕಣ್ಣಿಟ್ಟು ಸಾಕಿದ ಹುಡುಗಿಗೆ ಪ್ರೀತಿಯಿಂದ ಮೊದಲನೆಯದು, ದಿನಾ ಬೆಳಿಗ್ಗೆ, ಮೊದಲ ತಿಂಗಳಿಂದ.

"ಎಷ್ಟು ಸಲ ಹೇಳಿದೆ, ಆ ಪುಡಿ ತಿಂದ ಇಲಿಗಳಲ್ಲಿ ವರ್ಣತಂತು ಮುರಿದಿತ್ತು ಅಂತ! ಮುರಿಯೋ ವಿಷ ಇರೋದು ಈ ನೀರಲ್ಲೇ!" ಎಂದು ಕಿರುಚಿದೆ. ದೊಡ್ಡಮ್ಮನ ಮೇಲೆ ಹುಟ್ಟಿದಾಗಿನಿಂದ ನಾನು ಹಾಗೆ ದನಿ ಎತ್ತಿರಲಿಲ್ಲ.

ಅವಳ ಮುಖ ಬಿಳಿಚಿಕೊಂಡಿತು. ಆದರೆ ಜಗ್ಗಲಿಲ್ಲ. "ಹಿಂದೆ ಮೂರು ಸಲ ಎಲ್ಲರಿಗೂ ಕೊಡೋದನ್ನೇ ಕೊಟ್ಟೆ. ಎರಡನೇ ನೀರು. ನಿಂತಿತಾ? ಹೇಳು, ನಿಂತಿತಾ? ಈ ಸಲ ಇದು ಕೊಟ್ಟೆ, ನಿಂತಿದೆ."

ಬಿಸಿ ತುಪ್ಪ ಎನ್ನುತ್ತಾರಲ್ಲ, ನುಂಗಲೂ ಆಗದೆ ಉಗುಳಲೂ ಆಗದೆ, ಹಾಗೆ ನಿಂತೆ. ಬೇರು ವರ್ಣತಂತು ಮುರಿಯುವುದೂ ನಿಜವಿರಬಹುದು, ಕೂಸನ್ನು ನಿಲ್ಲಿಸುವುದೂ ನಿಜವಿರಬಹುದು. ಒಂದೇ ಲೋಟದಲ್ಲಿ ಎರಡೂ ಇರಬಾರದೆಂದು ಯಾವ ನಿಯಮವಿದೆ?

ನಮ್ಮ ಗಲಾಟೆ ಕೇಳಿ ತಂಗಿ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಹೇಳಿದೆ. ಅವಳು ನಿಧಾನವಾಗಿ ನೆಲದ ಮೇಲೆ ಕೂತು, ಡಾಕ್ಟರನ್ನು ಕೇಳುವ ಹಾಗೆ ನನ್ನನ್ನು ಕೇಳತೊಡಗಿದಳು.

"ಅಕ್ಕ, ಇಷ್ಟು ದಿನ ಕುಡಿದದ್ದಕ್ಕೆ ಇದಕ್ಕೇನಾದ್ರೂ ಆಗಿರುತ್ತಾ?"

"ಗೊತ್ತಿಲ್ಲ. ಇಲಿಗೆ ಆದದ್ದೆಲ್ಲ ಮನುಷ್ಯರಿಗೆ ಆಗಬೇಕು ಅಂತಿಲ್ಲ. ಸ್ಕ್ಯಾನಿಂಗಲ್ಲಿ ಎಲ್ಲ ಸರಿಯಾಗೇ ಕಾಣ್ತಿದೆ."

"ಇನ್ನೂ ಕುಡಿದ್ರೆ?"

"ಗೊತ್ತಿಲ್ಲ."

"ಬಿಟ್ರೆ ನಿಲ್ಲುತ್ತಾ?"

"ಗೊತ್ತಿಲ್ಲ."

"ಗೊತ್ತಿಲ್ಲದೋಳಿಗೆ ಯಾಕಮ್ಮ ಅಷ್ಟು ಜೋರು?" ಎಂದಳು ದೊಡ್ಡಮ್ಮ.

"ಮುರಿದದ್ದನ್ನ ನಾನು ಕಣ್ಣಾರೆ ಕಂಡಿದ್ದೀನಿ," ಎಂದೆ. "ನಿಲ್ಲಿಸಿದ್ದನ್ನ ಕಂಡೋರು ಯಾರೂ ಇಲ್ಲ. ಕಂಡ ಹಾಗೆ ಅನ್ನಿಸಿದೆ, ಅಷ್ಟೇ."

ತಂಗಿ ನನ್ನನ್ನೂ ಲೋಟವನ್ನೂ ದೊಡ್ಡಮ್ಮನನ್ನೂ ನೋಡಿದಳು. ನಾಲ್ಕು ವರ್ಷ ಚಿಕ್ಕವಳು. ಚಿಕ್ಕಂದಿನಲ್ಲಿ ರಸ್ತೆ ದಾಟುವಾಗ ವಾಹನ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು.

"ನನಗೆ ಇದೆಲ್ಲ ತಿಳಿಯಲ್ಲ," ಎಂದಳು. "ನೀನು ಬಿಡು ಅಂದ್ರೆ ಬಿಡ್ತೀನಿ, ಕುಡಿ ಅಂದ್ರೆ ಕುಡಿತೀನಿ. ಒಂದು ಮಾತು ಹೇಳು."

"ಬಿಡು," ಎಂದೆ.

ದೊಡ್ಡಮ್ಮ ಲೋಟವನ್ನು ತೆಗೆದುಕೊಂಡು ಹೋಗಿ ಸಿಂಕಿಗೆ ಸುರಿದಳು. ಅವತ್ತಿನಿಂದ ಹೊರಗಿನ ಹೆಂಗಸರು ಬಂದರೂ ಮದ್ದಿಲ್ಲ ಎಂದು ಕಳಿಸಿದಳು. ನನ್ನ ಮೇಲಿನ ಸಿಟ್ಟಿಗಲ್ಲ. ಅವಳಿಗೂ ಭಯ ಹತ್ತಿತ್ತು.

ಕಷಾಯ ಬಿಟ್ಟ ಎರಡನೆಯ ವಾರ ತಂಗಿಗೆ ನೋವು ಬಂತು. ನಡುಮಧ್ಯಾಹ್ನ ಬಸ್ ಡ್ರೈವರ್ ಬಸ್ಸನ್ನು ದಾರಿಯಲ್ಲೇ ಇನ್ನೊಬ್ಬನ ಕೈಗೆ ಕೊಟ್ಟು ಸಮವಸ್ತ್ರದಲ್ಲೇ ಆಸ್ಪತ್ರೆಗೆ ಓಡಿಬಂದ. ನಾನು ಹೋಗುವ ಹೊತ್ತಿಗೆ ಮುಗಿದಿತ್ತು. ಡಾಕ್ಟರಮ್ಮ ಒಳ್ಳೆಯವರು. ಕೈಗವಸು ಕಳಚುತ್ತಾ, "ಕಾರಣ ಇದೇ ಅಂತ ಹೇಳೋಕಾಗಲ್ಲ. ಕೆಲವರಿಗೆ ಹೀಗಾಗುತ್ತೆ," ಎಂದರು. ಬೇರಿನ ವಿಷಯ ಹೇಳಿದೆ. ಬಿಟ್ಟದ್ದರಿಂದ ಹೀಗಾಯಿತೇ ಎಂದು ಕೇಳಿದೆ. "ಹೌದು ಅನ್ನೋಕೂ ಆಗಲ್ಲ, ಅಲ್ಲ ಅನ್ನೋಕೂ ಆಗಲ್ಲ," ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಪಕ್ಕದ ಮಂಚದ ಅಜ್ಜಿ ಯಾರಿಗೋ ಹೇಳುತ್ತಿದ್ದಳು. ಎದ್ದು ಹೋಗಿ ಅವಳ ಬಾಯಿ ಮುಚ್ಚಬೇಕೆನಿಸಿತು.

ಮಗುವಿನ ಚರ್ಮದ ಚೂರನ್ನು ವರ್ಣತಂತು ನೋಡುವ ಕೋಣೆಗೆ ಕಳಿಸಬಹುದು, ತಾಯಿ ಒಪ್ಪಿದರೆ ಎಂದು ಡಾಕ್ಟರಮ್ಮ ಕೇಳಿದರು. ತಂಗಿ ಅಷ್ಟು ಹೊತ್ತಿಗೆ ಮೊದಲ ಸಲ ಕಣ್ಣು ತೆರೆದಳು. "ಕಳಿಸಿ. ಆದ್ರೆ ಅಕ್ಕಾನೇ ನೋಡಬೇಕು. ಬೇರೆಯವರು ಹೇಳಿದ್ದು ನನಗೆ ಬೇಡ."

ಆ ಕೋಣೆ ಆಸ್ಪತ್ರೆಯ ಹಿಂಭಾಗದಲ್ಲಿದೆ. ಅಲ್ಲಿ ಕೆಲಸ ಮಾಡುವವಳು ನನ್ನ ಜೊತೆ ಓದಿದವಳು. ಚೂರನ್ನು ಪೋಷಕದ್ರವದ ತಟ್ಟೆಯಲ್ಲಿಟ್ಟು, ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ಜೀವಕೋಶಗಳು ತಟ್ಟೆಗೆ ಅಂಟಿಕೊಂಡು ಒಂದು ಎರಡಾಗಿ, ಎರಡು ನಾಲ್ಕಾಗಿ ಹರಡಬೇಕು. ಎಷ್ಟೋ ಸಲ ಹರಡುವುದಿಲ್ಲ. ಇದು ಹರಡಿತು. "ಚೆನ್ನಾಗಿ ಬೆಳೀತಿದೆ," ಎಂದು ಗೆಳತಿ ಅಭ್ಯಾಸಬಲದಿಂದ ಹೇಳಿ ನಾಲಿಗೆ ಕಚ್ಚಿಕೊಂಡಳು.

ಗಾಜು ಸಿದ್ಧವಾದ ದಿನ ನಾನೇ ಕೂತು ನೋಡಿದೆ. ಪಟ್ಟಿ ಅಂಟಿಸುವ ನಾಟಕ ಅಲ್ಲಿರಲಿಲ್ಲ; ಯಾರದ್ದೆಂದು ನನಗೆ ಗೊತ್ತಿತ್ತು. ಮತ್ತು ಆದರೂ ಸಾರ್ ಹೇಳುವುದು ನಿಜ, ಕಣ್ಣು ತನಗೆ ಬೇಕಾದ್ದನ್ನೇ ಹುಡುಕುತ್ತದೆ. ನನಗೆ ಒಂದು ಮುರಿತ ಬೇಕಿತ್ತು. ಒಂದು ತುಂಡು, ಒಂದು ಹೆಚ್ಚು, ಒಂದು ಕಡಿಮೆ, ಏನಾದರೂ. ಅದು ಸಿಕ್ಕಿದರೆ ಮಗು ಹೇಗಿದ್ದರೂ ಉಳಿಯುತ್ತಿರಲಿಲ್ಲ ಎಂದು ಹೇಳಬಹುದಿತ್ತು. ತಂಗಿಯ ಕೂಸಿನ ಮೈಯಲ್ಲಿ ಊನ ಸಿಗಲಿ ಎಂದು ಬೇಡಿಕೊಳ್ಳುವ ಹೆಂಗಸು ನಾನಾಗುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಒಂದು ಜೀವಕೋಶ ನೋಡಿದೆ, ಲೆಕ್ಕಕ್ಕೆ ಸರಿಯಾಗಿ ನಲವತ್ತಾರು ವರ್ಣತಂತು. ಇನ್ನೊಂದು ನೋಡಿದೆ, ನಲವತ್ತಾರು. ಗೆಳತಿ ಸಾಕು ಎಂದ ಮೇಲೂ ಬಿಡಲಿಲ್ಲ. ಎಲ್ಲ ಜೋಡಿಗಳೂ ಅಚ್ಚುಕಟ್ಟಾಗಿ, ಉದ್ದ ಗಿಡ್ಡ ಎಲ್ಲ ಇರಬೇಕಾದ ಹಾಗೇ ಇದ್ದವು. ನನ್ನ ಇಡೀ ಕೆಲಸದಲ್ಲಿ ಇಷ್ಟು ಚೆಂದದ ಗಾಜನ್ನು ನಾನು ನೋಡಿಲ್ಲ. ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಸಣ್ಣ ತಪ್ಪು ಇದ್ದಿರಬಹುದು ಎಂದು ನನಗೆ ಗೊತ್ತು. ಆ ಮಾತನ್ನು ಹಿಡಿದುಕೊಂಡು ಯಾರ ಮುಂದೆ ಹೋಗಿ ನಿಲ್ಲಲಿ?

ಅಲ್ಲಿಂದ ತಂಗಿಯ ಮನೆಗೆ ಹೋದಾಗ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹಾಲು ಇನ್ನೂ ಬತ್ತಿರಲಿಲ್ಲ, ಎದೆಗೆ ಬಟ್ಟೆ ಬಿಗಿದು ಕಟ್ಟಿದ್ದರು. ಬಸ್ ಡ್ರೈವರ್ ಕೆಲಸಕ್ಕೆ ಹೋಗಿದ್ದ. ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದಳು. ಮಗುವಿನಲ್ಲಿ ಊನ ಇತ್ತು ಎಂದರೆ ತಪ್ಪು ದೊಡ್ಡಮ್ಮನ ಮೇಲೆ ಬರುತ್ತದೆ, ಇರಲಿಲ್ಲ ಎಂದರೆ ನನ್ನ ಮೇಲೆ. ಅದು ಮೂವರಿಗೂ ತಿಳಿದಿತ್ತು.

"ನೋಡಿದ್ಯಾ?" ಎಂದಳು ತಂಗಿ, ತಿರುಗದೆ.

"ನೋಡಿದೆ."

"ಗಂಡಾ, ಹೆಣ್ಣಾ?"

"ಹೆಣ್ಣು."

ಅವಳು ಗೋಡೆಯ ಮೇಲೆ ಬೆರಳಾಡಿಸಿದಳು.

"ಏನಾಗಿತ್ತು ಅದಕ್ಕೆ?"

ಬಸ್ಸಿನಲ್ಲಿ ಬರುವಾಗ ಹತ್ತು ಬಗೆಯ ಸುಳ್ಳುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಆದರೆ ಕಂಡದ್ದನ್ನು ಕಂಡ ಹಾಗೆ ಹೇಳುವುದೊಂದನ್ನೇ ನಾನು ಜೀವನದಲ್ಲಿ ಕಲಿತದ್ದು, ಬೇರೇನೂ ಬಾಯಿಗೆ ಬರಲಿಲ್ಲ.

"ಏನೂ ಆಗಿರಲಿಲ್ಲ. ಎಲ್ಲ ಸರಿಯಾಗಿತ್ತು."

ತಂಗಿ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡಳು. ಅವಳ ಭುಜ ಮುಟ್ಟಲು ಕೈ ಚಾಚಿದೆ. ಮುಟ್ಟುವ ಮೊದಲೇ ಆ ಭುಜ ಗೋಡೆಯ ಕಡೆಗೆ ಇನ್ನಷ್ಟು ಸರಿಯಿತು.

ದೊಡ್ಡಮ್ಮ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ಗೆದ್ದೆ ಎನ್ನುತ್ತಾಳೆ ಎಂದುಕೊಂಡೆ. ಅವಳ ಮುಖವೆಲ್ಲ ಒದ್ದೆಯಾಗಿತ್ತು.

"ಬೇರಿಂದಾನೇ ಆಯ್ತು ಅಂತ ಹೇಳಬಾರದಿತ್ತೇನೇ?" ಎಂದು ಪಿಸುಗುಟ್ಟಿದಳು. "ದೊಡ್ಡಮ್ಮನದೇ ತಪ್ಪು ಅಂದಿದ್ರೆ ಆಗ್ತಿತ್ತು. ನಾನು ಇನ್ನೆಷ್ಟು ದಿನ ಇರ್ತೀನಿ? ನೀವಿಬ್ರೂ ಒಬ್ಬರಿಗೊಬ್ಬರು ಇರಬೇಕಾದೋರು. ನಾನು ಹೊತ್ಕೊಳ್ತಿದ್ದೆನಲ್ಲೇ. ಅದಕ್ಕೇ ಅಲ್ವಾ ಬಾಗಿಲಲ್ಲಿ ಬಂದು ನಿಂತಿದ್ದು."

ಅಷ್ಟರಲ್ಲಿ ಒಳಕೋಣೆಯಿಂದ ತಂಗಿಯ ದನಿ ಕೇಳಿಸಿತು. ಮೆಲ್ಲಗೆ, ಆದರೆ ಸ್ಪಷ್ಟವಾಗಿ.

"ದೊಡ್ಡಮ್ಮಾ, ಅವಳು ಹೋದ್ಲಾ?"

ದೊಡ್ಡಮ್ಮ ನನ್ನ ಮುಖ ನೋಡಿದಳು. ರಟ್ಟೆಯ ಮೇಲಿನ ಹಿಡಿತ ಬಿಡಿಸಿಕೊಂಡು ಚಪ್ಪಲಿ ಮೆಟ್ಟಿಕೊಂಡೆ.

"ಹೂಂ ಅನ್ನು," ಎಂದು ದೊಡ್ಡಮ್ಮನಿಗೆ ಹೇಳಿ ಹೊರಟೆ.